ಹತ್ತಿಗಾಗಿ ಹಚ್ಚಿದ ದೀಪ: ಕಾರವಾರದ ದೇವಗಡ ದೀಪಸ್ತಂಭದ ಕಥೆ ಗೊತ್ತೇ?

ತಳೇಗಾಂವ ದಾಭಾಡೆ: ಪುಣೆ ಜಿಲ್ಲೆಯ ಈ ಊರಿನಿಂದ ಕಡಲು ಬಲು ದೂರ. ಆದರೂ ಪಕ್ಕದ ಇಂದೂರಿಯಲ್ಲಿರುವ ತೋಲಾನಿ ಮ್ಯಾರಿಟೈಮ್ ಇನ್‌ಸ್ಟಿಟ್ಯೂಟ್‌ಗೆ ಹಡಗಿನ ಕೆಲಸ ಕಲಿಯಲೆಂದೇ ದೇಶದ ನಾನಾ ಕಡೆಯಿಂದ ಯುವಕರು ಬರುತ್ತಾರೆ. ಹಡಗು ನಡೆಸಲು ಹೊರಟವರು ಮೊದಲು ಅರಿಯಬೇಕಾದ ಸಂಗತಿಗಳಲ್ಲಿ ಒಂದು, ನಕ್ಷೆಯಲ್ಲಿ ದೀಪಸ್ತಂಭದ ಪಕ್ಕ ಬರೆದಿರುವ ಎತ್ತರ. ಅದು ಗೋಪುರದ ಎತ್ತರವಲ್ಲ, ಸಮುದ್ರಮಟ್ಟದಿಂದ ದೀಪ ಎಷ್ಟು ಮೇಲಿದೆ ಎಂಬ ಲೆಕ್ಕ.

ಈ ವ್ಯತ್ಯಾಸ ತಿಳಿಯಲು ನಮ್ಮ ಕಾರವಾರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕಾರವಾರದ ಎದುರು ಅರಬ್ಬೀ ಸಮುದ್ರದಲ್ಲಿರುವ ದೇವಗಡ ದ್ವೀಪದ ನೆತ್ತಿಯ ಮೇಲೆ 1864ರಲ್ಲಿ ಕಟ್ಟಿದ ದೀಪಸ್ತಂಭವಿದೆ. ನಾವಿಕರಿಗೆ ಇದು ಆಯ್ಸ್ಟರ್ ರಾಕ್ ಲೈಟ್‌ಹೌಸ್. ದುಂಡನೆಯ ಕಲ್ಲಿನ ಗೋಪುರದ ಎತ್ತರ ಸುಮಾರು 20 ಮೀಟರ್ ಮಾತ್ರ. ಆದರೆ ಗುಡ್ಡದ ಎತ್ತರವೂ ಸೇರಿ ದೀಪ ಇರುವುದು ಸಮುದ್ರಮಟ್ಟದಿಂದ ಸುಮಾರು 65 ಮೀಟರ್ ಮೇಲೆ.

ಭೂಮಿ ದುಂಡಗಿರುವುದರಿಂದ ಬೆಳಕು ಎಷ್ಟೇ ಪ್ರಖರವಾಗಿದ್ದರೂ ಒಂದು ದೂರದ ಆಚೆ ನೀರಿನ ಅಂಚಿನ ಕೆಳಗೆ ಮರೆಯಾಗುತ್ತದೆ. 20 ಮೀಟರ್ ಎತ್ತರದ ದೀಪ ನೀರಿನ ಮಟ್ಟದಲ್ಲಿರುವ ಕಣ್ಣಿಗೆ ಸುಮಾರು 17 ಕಿ.ಮೀ.ವರೆಗೆ ಕಂಡರೆ, 65 ಮೀಟರ್ ಎತ್ತರದ ದೀಪ ಸುಮಾರು 30 ಕಿ.ಮೀ.ವರೆಗೆ ಕಾಣುತ್ತದೆ. ಹಡಗಿನ ಮೇಲಟ್ಟದಲ್ಲಿ ನಿಂತವರಿಗೆ ಇನ್ನೂ ದೂರದಿಂದ ಕಂಡೀತು. ಅಂದರೆ ದೀಪದ ಎತ್ತರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಗುಡ್ಡವೇ ಒದಗಿಸಿಕೊಟ್ಟಿದೆ. ಉಡುಪಿ ಜಿಲ್ಲೆಯ ಕಾಪುವಿನಲ್ಲಿ ಕಡಲಂಚಿನ ಬಂಡೆಯೊಂದು ಬಿಟ್ಟರೆ ಇಂಥ ಅನುಕೂಲ ಇರಲಿಲ್ಲ. ಹಾಗಾಗಿ 1901ರಲ್ಲಿ ಅಲ್ಲಿ 27 ಮೀಟರ್ ಎತ್ತರದ ಗೋಪುರವನ್ನೇ ಎಬ್ಬಿಸಬೇಕಾಯಿತು. ಪ್ರವಾಸಿಗರು ಮುಗಿಬಿದ್ದು ಫೋಟೊ ತೆಗೆಯುವ ಅದರ ಕಪ್ಪು-ಬಿಳಿ ಪಟ್ಟಿಗಳು ಬರೀ ಅಂದಕ್ಕಲ್ಲ, ಹಗಲಲ್ಲಿ ಹಡಗಿನವರು ಗುರುತು ಹಿಡಿಯಲೆಂದೇ ಬಳಿದದ್ದು.

ಹಾಗಾದರೆ ಜನವಸತಿಯಿಲ್ಲದ ಈ ದ್ವೀಪಕ್ಕೆ 1864ರಲ್ಲೇ ಕಲ್ಲು ಸಾಗಿಸಿ ದೀಪ ಹಚ್ಚುವ ಅವಸರ ಏನಿತ್ತು? ಉತ್ತರ ಇರುವುದು ಅಮೆರಿಕದಲ್ಲಿ. ಅಲ್ಲಿ 1861ರಲ್ಲಿ ಅಂತರ್ಯುದ್ಧ ಶುರುವಾಗಿ, ದಕ್ಷಿಣದ ರಾಜ್ಯಗಳಿಂದ ಇಂಗ್ಲೆಂಡಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿ ನಿಂತುಹೋಯಿತು. ಮ್ಯಾಂಚೆಸ್ಟರ್‌ನ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಆವರೆಗೆ ಅದು ಹೆಚ್ಚಾಗಿ ಕುಮಟಾ ಬಂದರಿನಿಂದ ಹೋಗುತ್ತಿತ್ತು. ವಿಲಾಯತಿ ಪೇಟೆಯಲ್ಲಿ ಅದರ ಹೆಸರೇ 'ಕುಮ್ಟಾ ಹತ್ತಿ'. ಆದರೆ ದೊಡ್ಡ ಹಡಗು ನಿಲ್ಲಲು ಕಾರವಾರ ಕೊಲ್ಲಿಯೇ ಸರಿ ಎಂದು ಗಿರಣಿ ಮಾಲೀಕರು ಪಟ್ಟು ಹಿಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಲಾಯಿತು. ಕಾರವಾರದ ಬಳಿಯ ಸದಾಶಿವಗಡಕ್ಕೆ ಮ್ಯಾಂಚೆಸ್ಟರ್ ಕಾಟನ್ ಕಂಪನಿಯ ಹತ್ತಿ ಒತ್ತುವ ಯಂತ್ರಗಳು ಬಂದವು. ಘಟ್ಟಕ್ಕೆ ರಸ್ತೆ, ಕಡಲಿಗೆ ದೀಪ, ಎರಡೂ ಒಂದೇ ಯೋಜನೆಯ ತುಂಡುಗಳು.

ದೀಪ ಹೊತ್ತಿಕೊಂಡ ಮರುವರ್ಷವೇ, 1865ರಲ್ಲಿ, ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ನೆಲಕಚ್ಚಿತು. ಉಳಿದ ಆಸೆಗೂ ಪೆಟ್ಟು ಕೊಟ್ಟದ್ದು ರೈಲು. 1880ರ ದಶಕದ ಕೊನೆಗೆ ಗೋವಾದ ಮರ್ಮಗೋವಾ ಬಂದರಿನಿಂದ ಕ್ಯಾಸಲ್ ರಾಕ್ ಮೂಲಕ ಘಟ್ಟ ಹತ್ತಿದ ಹಳಿ ಬಯಲುಸೀಮೆಯ ಸರಕನ್ನು ಅತ್ತ ಎಳೆದುಕೊಂಡಿತು. ಕಾರವಾರಕ್ಕೆ ಸಿಕ್ಕಿದ್ದು ದೀಪ, ಮರ್ಮಗೋವಾಕ್ಕೆ ಸಿಕ್ಕಿದ್ದು ವ್ಯಾಪಾರ.

ಹಡಗು ಬರಲಿ, ಬಿಡಲಿ, ದೀಪ ಆರುವಂತಿಲ್ಲ. ಭಾರತದ ಹಳೆಯ ದೀಪಸ್ತಂಭಗಳಲ್ಲಿ ಮೊದಲು ಉರಿದದ್ದು ತೆಂಗಿನ ಎಣ್ಣೆ, ಆಮೇಲೆ ಸೀಮೆಎಣ್ಣೆ, ಈಗ ವಿದ್ಯುತ್. ಸಣ್ಣ ಜ್ವಾಲೆಯೂ ದೂರ ಮುಟ್ಟುತ್ತಿದ್ದುದರ ಗುಟ್ಟು, ಫ್ರಾನ್ಸಿನ ಫ್ರೆನೆಲ್ 1822ರಲ್ಲಿ ರೂಪಿಸಿದ ಮಸೂರ. ಗಾಜಿನ ಉಂಗುರಗಳನ್ನು ಮೆಟ್ಟಿಲಂತೆ ಜೋಡಿಸಿ, ಎಲ್ಲೆಡೆ ಚದುರುವ ಬೆಳಕನ್ನು ಒಂದೇ ದಿಕ್ಕಿಗೆ ಬಾಗಿಸುವ ಉಪಾಯ ಅದು. ಎಣ್ಣೆ ತುಂಬಿಸಲು, ಬತ್ತಿ ಕತ್ತರಿಸಲು, ಗಾಜಿನ ಮಸಿ ಒರೆಸಲು ಮಾತ್ರ ಮನುಷ್ಯರೇ ಬೇಕು. ಮಳೆಗಾಲದಲ್ಲಿ ಕಡಲು ಕೆರಳಿ ದೋಣಿ ನಿಂತರೆ ಅವರಿಗೂ ಊರಿಗೂ ನಂಟು ತಪ್ಪುತ್ತಿತ್ತು. ಇಂಥ ದೀಪದವರ ಬಗ್ಗೆ ಬರೆದಿಟ್ಟವರು ಕಡಿಮೆ.

ಜಿಪಿಎಸ್ ಬಂದ ಮೇಲೂ ದೀಪಸ್ತಂಭಗಳನ್ನು ಕೈಬಿಟ್ಟಿಲ್ಲ. ಉಪಗ್ರಹದ ಸಂಕೇತ ಕೈಕೊಟ್ಟರೆ ಕಣ್ಣಿಗೆ ಕಾಣುವ ಗುರುತೇ ಗತಿ. ಕಾರವಾರದ ಬೈತಖೋಲ ಬಂದರಿಗೆ ಈಗಲೂ ಸರಕು ಹಡಗುಗಳು ಬರುತ್ತವೆ. ದಕ್ಷಿಣಕ್ಕೆ 2005ರಲ್ಲಿ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆ ಕಾರ್ಯಾರಂಭ ಮಾಡಿದ ಮೇಲೆ ಯುದ್ಧನೌಕೆಗಳೂ ಈ ನೀರಿನಲ್ಲಿ ಓಡಾಡುತ್ತಿವೆ. ಘಟ್ಟದ ಮೇಲಿನ ಸರಕನ್ನು ಉತ್ತರ ಕನ್ನಡದ ಕಡಲಿಗೆ ನೇರವಾಗಿ ಇಳಿಸಬೇಕಾದ ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ಮಾತ್ರ ಇನ್ನೂ ಆಗಿಲ್ಲ.