‘ಐಚ್ಛಿಕ’ ಶಬ್ದದ ಅರ್ಥವಿಚಾರ: ಲಸಿಕೆಯ ಪ್ರಸಂಗದಲ್ಲಿ

೨೦೨೧ನೆಯ ಇಸವಿ ಜನವರಿ ೧೬ರಂದು ನಮ್ಮ ದೇಶದಲ್ಲಿ ಕೋವಿಡ್ ಲಸಿಕೆಯನ್ನು ಹಾಕುವ ಕಾರ್ಯವು ಪ್ರಾರಂಭವಾಯಿತಷ್ಟೆ. ಅದು ಐಚ್ಛಿಕವೆಂದು ಕೇಂದ್ರಸರ್ಕಾರವು ಮೊದಲಿನಿಂದಲೂ ಹೇಳಿತು. ಆದರೆ ಅದೇ ವರ್ಷದಲ್ಲಿ, ಲಸಿಕೆಯಿಲ್ಲದವನು ಅಂಗಡಿಯನ್ನು ತೆರೆಯಕೂಡದು, ಬಾಡಿಗೆಯ ಗಾಡಿಯನ್ನು ನಡೆಸಕೂಡದು, ಕೆಲಸಕ್ಕೆ ಬರಕೂಡದು ಎಂಬ ಆಜ್ಞೆಗಳೂ ಅಲ್ಲಲ್ಲಿ ಹೊರಟವು. ಒಂದೇ ಕರ್ಮವು ಐಚ್ಛಿಕವೂ ಅನಿವಾರ್ಯವೂ ಆಗುವುದೆಂತು? ಲಸಿಕೆಯ ಗುಣದೋಷಗಳನ್ನು ಹೇಳುವ ಅಧಿಕಾರ ನನಗಿಲ್ಲ. ನಾನು ಅದನ್ನು ಎರಡು ಬಾರಿ ಹಾಕಿಸಿಕೊಂಡವನೇ. ಇಲ್ಲಿ ವಿಚಾರಿಸತಕ್ಕದ್ದು ಶಬ್ದವನ್ನು ಮಾತ್ರ.

ಇಚ್ಛಾಶಬ್ದಕ್ಕೆ ತದ್ಧಿತಪ್ರತ್ಯಯವು ಸೇರಿ ‘ಐಚ್ಛಿಕ’ವಾಗಿದೆ. ಇಚ್ಛೆಯೇ ಯಾವುದಕ್ಕೆ ಪ್ರವರ್ತಕವೋ ಅದು ಐಚ್ಛಿಕ. ಮೀಮಾಂಸಕರು ಕರ್ಮಗಳನ್ನು ನಿತ್ಯವೆಂದೂ ಕಾಮ್ಯವೆಂದೂ ವಿಂಗಡಿಸುವರೆಂಬುದು ವಾಚಕರಿಗೆ ವಿದಿತವೇ ಆಗಿದೆ. ಸ್ವರ್ಗವನ್ನೋ ಪುತ್ರನನ್ನೋ ಬಯಸಿದವನಿಗೆ ಮಾತ್ರ ಕಾಮ್ಯವು; ಬಯಸದವನು ಮಾಡದಿದ್ದರೆ ಅವನಿಗೆ ಫಲವಿಲ್ಲ, ಅಷ್ಟೇ. ನಿತ್ಯವನ್ನು ಬಿಟ್ಟರೆ ಪ್ರತ್ಯವಾಯವುಂಟು. ಫಲಾಭಾವ ಬೇರೆ, ಪ್ರತ್ಯವಾಯ ಬೇರೆ. ಲಸಿಕೆಯನ್ನು ಒಲ್ಲದವನಿಗೆ ರೋಗವು ಉಲ್ಬಣಿಸುವ ಭಯ ಹೆಚ್ಚಾದರೆ ಅದು ಫಲಾಭಾವ. ಅವನ ಸಂಬಳವನ್ನು ನಿಲ್ಲಿಸಿದರೆ ಅದು ಪ್ರತ್ಯವಾಯ, ಅದೂ ಮನುಷ್ಯನಿರ್ಮಿತವಾದುದು. ಬಿಟ್ಟರೆ ಪ್ರತ್ಯವಾಯವುಳ್ಳ ಕರ್ಮಕ್ಕೆ ಐಚ್ಛಿಕವೆಂದು ಹೆಸರಿಟ್ಟ ಮಾತ್ರಕ್ಕೆ ಅದು ಕಾಮ್ಯವಾಗಲಾರದು.

ಹೆಸರಿಗೂ ವಸ್ತುವಿಗೂ ಇಂತಹ ವಿರೋಧವು ಕನ್ನಡಕ್ಕೆ ಹೊಸದಲ್ಲ. ವಿಜಯನಗರದ ಕಾಲದ ಶಾಸನಗಳಲ್ಲಿ ತೆರಿಗೆಗಳನ್ನು ಎಣಿಸುವಾಗ ‘ಕಾಣಿಕೆ’, ‘ಕಡ್ಡಾಯ’, ‘ಬಿಟ್ಟಿ’ ಎಂಬ ಶಬ್ದಗಳು ಬರುತ್ತವೆ. ಬಿಟ್ಟಿಯ ಮಾತು ಹಾಗಿರಲಿ. ಆಯವೆಂದರೆ ಹುಟ್ಟುವಳಿ, ಸುಂಕ. ಕಡಿದಾದ ಆಯವೇ ಕಡ್ಡಾಯವೆಂದು ಬಿಡಿಸುವುದು ನನಗೆ ಯುಕ್ತವಾಗಿ ತೋರುತ್ತದೆ. ಕಾಣಿಕೆಯಾದರೋ ದೊಡ್ಡವರನ್ನು ಕಾಣಹೋದಾಗ ಮನಃಪೂರ್ವಕವಾಗಿ ಒಪ್ಪಿಸುವ ವಸ್ತು. ಆದರೂ ಅದು ತೆರಿಗೆಗಳ ಪಂಕ್ತಿಯಲ್ಲಿ ಕುಳಿತಿದೆ! ಕೊಡುವವನ ಬಾಯಲ್ಲಿ ಕಾಣಿಕೆಯೆಂಬ ಹೆಸರು ಉಳಿಯಿತು. ಕೊಡದೆ ಇರುವ ಸ್ವಾತಂತ್ರ್ಯವು ಹೋಯಿತು. ೨೦೨೧ರ ‘ಐಚ್ಛಿಕ’ವು ಅನೇಕ ಕಡೆ ಈ ಕಾಣಿಕೆಯ ಜಾತಿಗೆ ಸೇರಿದುದೆಂದು ನನ್ನ ಅಭಿಪ್ರಾಯ.

ಒಬ್ಬನ ಇಚ್ಛೆಯಿಂದ ಹತ್ತು ಜನರ ಪ್ರಾಣಕ್ಕೆ ಅಪಾಯವಾಗುವುದಾದರೆ ಸುಮ್ಮನಿರಬೇಕೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆಯೇ. ಅಂತಹ ಸಂದರ್ಭದಲ್ಲಿ ಕಡ್ಡಾಯವೆಂದೇ ಹೇಳಿ ಶಾಸನವನ್ನು ಮಾಡಿ ಕಾರಣವನ್ನು ಕೊಡಬೇಕು. ಇಂಗ್ಲೆಂಡಿನಲ್ಲಿ ೧೮೫೩ರ ಕಾಯಿದೆಯು ಶಿಶುಗಳಿಗೆ ಸಿಡುಬಿನ ದಾಕು ಹಾಕಿಸುವುದನ್ನು ಕಡ್ಡಾಯವೆಂದೇ ವಿಧಿಸಿತು, ತಪ್ಪಿದವರಿಗೆ ದಂಡವನ್ನೂ ಹೇಳಿತು. ಜನರು ಬಹಿರಂಗವಾಗಿ ಅದನ್ನು ವಿರೋಧಿಸಿದರು. ೧೮೯೮ರಲ್ಲಿ ಅಂತಃಕರಣ ಒಪ್ಪದ ತಂದೆತಾಯಿಗಳಿಗೆ ವಿನಾಯಿತಿಯು ದೊರೆಯಿತು. ಬರೆದ ವಿಧಿಯನ್ನು ಎದುರಿಸಬಹುದು, ತಿದ್ದಿಸಬಹುದು. ಬರೆಯದ ಒತ್ತಾಯಕ್ಕೆ ಆ ಅವಕಾಶವೂ ಇಲ್ಲ.

ನಮ್ಮ ನ್ಯಾಯಾಲಯಗಳು ಈ ಭೇದವನ್ನು ಗುರುತಿಸಿದುವು. ಮೇಘಾಲಯದಲ್ಲಿ ಅಂಗಡಿಯವರೂ ಟ್ಯಾಕ್ಸಿ ನಡೆಸುವವರೂ ಲಸಿಕೆ ಹಾಕಿಸಿಕೊಂಡ ಬಳಿಕವೇ ವೃತ್ತಿಗೆ ಮರಳಬೇಕೆಂದು ಜಿಲ್ಲಾಧಿಕಾರಿಗಳು ಆಜ್ಞಾಪಿಸಿದ್ದರು. ಬಲಾತ್ಕಾರದ ಲಸಿಕೆಗೆ ಶಾಸನದ ಆಧಾರವಿಲ್ಲವೆಂದೂ ಜೀವನೋಪಾಯದ ಹಕ್ಕಿಗೆ ಅದರಿಂದ ಬಾಧೆಯಾಗಬಾರದೆಂದೂ ಅಲ್ಲಿಯ ಉಚ್ಚ ನ್ಯಾಯಾಲಯವು ೨೦೨೧ರ ಜೂನ್ ೨೩ರಂದು ಹೇಳಿತು. ಆದರೆ ಅದೇ ಆಜ್ಞೆಯಲ್ಲಿ, ಅಂಗಡಿಗಳ ಮುಂದೆ ಲಸಿಕೆಯಾಗಿದೆ ಅಥವಾ ಆಗಿಲ್ಲವೆಂಬ ಫಲಕವನ್ನು ಎದ್ದುಕಾಣುವಂತೆ ಹಾಕಬೇಕೆಂದೂ ವಿಧಿಸಿತು. ಅಧಿಕಾರಿಯ ಕೈಯಲ್ಲಿದ್ದ ಪ್ರತ್ಯವಾಯವು ಇದರಿಂದ ಗಿರಾಕಿಯ ಕಣ್ಣಿಗೆ ವರ್ಗವಾಯಿತೆನ್ನದೆ ಇರಲಾರೆ. ಅರುಣಾಚಲಪ್ರದೇಶದ ಸರ್ಕಾರವು ಹೊರಗಿನಿಂದ ಕೆಲಸಕ್ಕೆ ಬರುವವರಲ್ಲಿ ಲಸಿಕೆಯಾದವರಿಗೆ ಮಾತ್ರ ತಾತ್ಕಾಲಿಕ ಪರವಾನಗಿಯೆಂದಾಗ, ಗುವಾಹಟಿ ಉಚ್ಚ ನ್ಯಾಯಾಲಯದ ಈಟಾನಗರ ಪೀಠವು ಜುಲೈ ೧೯ರಂದು ಆ ಭೇದವನ್ನು ತಡೆಹಿಡಿಯಿತು. ಲಸಿಕೆಯಾದವರಿಗೂ ರೋಗವು ತಗುಲಬಹುದಾದ್ದರಿಂದ ಈ ವಿಂಗಡಣೆಗೆ ಹೇತುವಿಲ್ಲವೆಂಬುದು ಅದರ ಯುಕ್ತಿ.

ಕಡೆಗೆ ೨೦೨೨ರ ಮೇ ೨ರಂದು, ಜೇಕಬ್ ಪುಲಿಯೇಲ್ ಅವರ ಅರ್ಜಿಯಲ್ಲಿ, ನ್ಯಾಯಮೂರ್ತಿ ನಾಗೇಶ್ವರ ರಾವ್ ಮತ್ತು ಗವಾಯಿ ಅವರ ಸರ್ವೋಚ್ಚ ಪೀಠವು ಸಂವಿಧಾನದ ೨೧ನೆಯ ಅನುಚ್ಛೇದವು ದೇಹದ ಮೇಲಣ ಸ್ವಾಧಿಕಾರವನ್ನು ರಕ್ಷಿಸುವುದರಿಂದ ಯಾರಿಗೂ ಬಲಾತ್ಕಾರದಿಂದ ಲಸಿಕೆ ಹಾಕಲಾಗದೆಂದು ನಿರ್ಣಯಿಸಿತು. ಸರ್ಕಾರದ ಲಸಿಕಾನೀತಿಯು ಯುಕ್ತಿಹೀನವಲ್ಲವೆಂದೂ, ಸಮಾಜದ ಹಿತಕ್ಕಾಗಿ ಪ್ರಮಾಣ ಮೀರದ ನಿರ್ಬಂಧಗಳು ಸಲ್ಲುವುವೆಂದೂ ಅದು ಒಪ್ಪಿತು. ಆದರೆ ಲಸಿಕೆಯಿಲ್ಲದವರಿಂದ ರೋಗವು ಹೆಚ್ಚಾಗಿ ಹರಡುವುದೆಂಬುದಕ್ಕೆ ಆಧಾರವನ್ನು ತನ್ನ ಮುಂದೆ ಇಟ್ಟಿಲ್ಲವೆಂದು ಕಂಡು, ಆಗಿನ ಪರಿಸ್ಥಿತಿಯಲ್ಲಿ ಅವರ ಮೇಲಣ ನಿರ್ಬಂಧಗಳನ್ನು ಖಾಸಗಿ ಸಂಸ್ಥೆಗಳೂ ಪುನಃ ಪರಿಶೀಲಿಸಬೇಕೆಂದು ಸೂಚಿಸಿತು. ಇದು ಸೂಚನೆಯೇ ಹೊರತು ವಿಧಿಯಲ್ಲ. ಅಷ್ಟರಲ್ಲಿ ಕಳೆದುಹೋದ ಕೂಲಿಯ ಪ್ರಸ್ತಾಪ ಆ ಸೂಚನೆಯಲ್ಲಿಲ್ಲ.

ಆ ತೀರ್ಪಿಗೆ ಕೆಲವು ತಿಂಗಳ ಮುನ್ನ ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಯಲ್ಲಿ ಅಡಿಗೆಯ ಹೆಂಗಸೊಬ್ಬಳಿಗೆ, ಪ್ರಮಾಣಪತ್ರ ತರುವವರೆಗೆ ಬರಬೇಡವೆಂದು ಬಾಯಿಮಾತಿನಲ್ಲಿ ಹೇಳಿದರು. ಇಪ್ಪತ್ತೆರಡು ದಿನಗಳ ಸಂಬಳ ಹೋಯಿತು. ಇಪ್ಪತ್ತಮೂರನೆಯ ದಿನ ಅವಳು ಪತ್ರವನ್ನು ತಂದಳು. ‘ಸ್ವಂತ ಇಚ್ಛೆಯಿಂದ ಲಸಿಕೆ ಹಾಕಿಸಿಕೊಂಡಿರುತ್ತೇನೆ’ ಎಂಬ ಹೇಳಿಕೆಯೂ ಬೇಕೆಂದು ಕೇಳಿದ್ದರಿಂದ, ಅವಳಿಗೆ ಬರಹ ಬಾರದ ಕಾರಣ ನಾನೇ ಬರೆದುಕೊಟ್ಟೆ. ‘ಹಾಕಿಸು’ ಎಂಬುದು ಪ್ರೇರಣಾರ್ಥಕ. ಅದಕ್ಕೆ ‘ಕೊಳ್ಳು’ ಸೇರಿದಾಗ ಹಾಕಿಸಿದವನೂ ಹಾಕಿಸಲ್ಪಟ್ಟವನೂ ಒಬ್ಬನೇ. ವ್ಯಾಕರಣವನ್ನು ಮೂವತ್ತು ವರ್ಷ ಬೋಧಿಸಿದವನು ಲೇಖನಿ ಹಿಡಿದಾಗ ಇದನ್ನು ಮರೆತಿದ್ದೆ. ಹೆಬ್ಬೆಟ್ಟನ್ನು ಒತ್ತುತ್ತ ಅವಳೆಂದಳು: “ನಂಗೆ ಹಾಕ್ಸಿದ್ರು, ಸ್ವಾಮಿ.”