ನಾಯಿಗೆ ಪದೇ ಪದೇ ಭೇದಿ ಯಾಕೆ?

"ನಮ್ಮ ನಾಯಿಗೆ ಮತ್ತೆ ಮತ್ತೆ ಭೇದಿ ಆಗುತ್ತೆ. ಯಾರದೋ ದೃಷ್ಟಿ ಇರಬೇಕು." ನಮ್ಮಲ್ಲಿ ಹೀಗೆ ಹೇಳ್ತಾರೆ. ಇದು ದೃಷ್ಟಿ ಅಲ್ಲ, ಅಕ್ಕ.

ನಾವು ನಾಯಿಗೆ ಹಳಸಿದ ಅನ್ನ, ಖಾರದ ಸಾರು ಹಾಕ್ತೀವಿ. ಅದರಿಂದ ಹೊಟ್ಟೆ ಕೆಡುತ್ತೆ. ಜಂತುಹುಳು ಇನ್ನೊಂದು ಕಾರಣ. ಹುಳು ಹೆಚ್ಚಾದರೆ ಹೊಟ್ಟೆ ಉಬ್ಬುತ್ತೆ. ಮೈ ಬಡವಾಗುತ್ತೆ.

ನಾಯಿಯ ಹೊಲಸಿನಲ್ಲಿ ಹುಳುವಿನ ಮೊಟ್ಟೆ ಇರುತ್ತೆ. ಅದು ಮಣ್ಣಿಗೆ ಸೇರುತ್ತೆ. ಅಂಗಳದಲ್ಲಿ ಆಡುವ ಮಕ್ಕಳ ಕೈಗೆ ಅಂಟುತ್ತೆ. ಕೈಯಿಂದ ಬಾಯಿಗೆ ಹೋಗುತ್ತೆ. ಇದರಿಂದ ಮಗುವಿನ ಕಣ್ಣಿಗೂ ತೊಂದರೆ ಆಗಬಹುದು.

ನಾವು ಏನು ಮಾಡೋಣ?

ನಾಯಿಯನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗೋಣ. ದೊಡ್ಡ ನಾಯಿಗೆ 3 ತಿಂಗಳಿಗೊಮ್ಮೆ ಹುಳುವಿನ ಔಷಧಿ ಹಾಕಿಸೋಣ. ಮರಿಗೆ ಇನ್ನೂ ಬೇಗ ಬೇಗ ಬೇಕು. ಎಷ್ಟು ಅಂತ ಡಾಕ್ಟರನ್ನು ಕೇಳೋಣ. ನಮ್ಮ ಮಾತ್ರೆ ನಾಯಿಗೆ ಕೊಡೋದು ಬೇಡ.

ಭೇದಿ ಇದ್ದಾಗ ಮೆತ್ತಗಿನ ಸಪ್ಪೆ ಅನ್ನ ಸ್ವಲ್ಪ ಸ್ವಲ್ಪ ಹಾಕೋಣ. ಕುಡಿಯಲು ಒಳ್ಳೆ ನೀರು ಇಡೋಣ. ಈರುಳ್ಳಿ, ಬೆಳ್ಳುಳ್ಳಿ, ಬೇಯಿಸಿದ ಮೂಳೆ ಯಾವತ್ತೂ ಬೇಡ.

ಮರಿಗೆ ವಾಂತಿ, ರಕ್ತಭೇದಿ ಆದರೆ ಕಾಯಬಾರದು. ಅದೇ ದಿನ ತೋರಿಸಬೇಕು.

ಹೊಲಸನ್ನು ದಿನಾ ಎತ್ತಿ ಹೂಳೋಣ. ಊಟಕ್ಕೆ ಮುಂಚೆ ಮಕ್ಕಳ ಕೈ ಸೋಪು ಹಾಕಿ ತೊಳೆಸೋಣ.

ನಾಯಿ ಹೊಟ್ಟೆ ಸರಿ ಇದ್ದರೆ ನಮ್ಮ ಮಕ್ಕಳಿಗೂ ಕ್ಷೇಮ.