ಇಂದ್ರನ ಗುಡಿ ಎಲ್ಲಿದೆ, ತಾತಾ?

ಕಳೆದ ತಿಂಗಳು ಕಂಪ್ಲಿಯಲ್ಲಿ ನಮ್ಮ ಬಂಧುಗಳ ಮನೆಯ ಮದುವೆ. ಒಂಬತ್ತು ವರ್ಷದ ನನ್ನ ಮೊಮ್ಮಗ ಹೋಮದ ಪಕ್ಕದಲ್ಲೇ ಕೂತು ಮಂತ್ರಗಳನ್ನು ಕಿವಿಗೊಟ್ಟು ಕೇಳಿದ. ಹೊಸಪೇಟೆಗೆ ಮರಳುವಾಗ ಬಸ್ಸಿನಲ್ಲಿ ಅವನ ಪ್ರಶ್ನೆ: "ತಾತಾ, ಪುರೋಹಿತರು ಅಗ್ನಿ, ಇಂದ್ರ, ವರುಣ ಅಂತೆಲ್ಲ ಕರೆದರಲ್ಲ, ಹಂಪಿಯಲ್ಲಿ ಅವರ ಗುಡಿ ಎಲ್ಲಿದೆ?"

ನನ್ನ ಬಳಿ ಉತ್ತರವಿರಲಿಲ್ಲ. ಚಿಕ್ಕವನಿದ್ದಾಗ ನಾನೂ ಇಂಥದ್ದೇನೋ ಕೇಳಿ, "ದೇವರ ವಿಷಯ ಹಾಗೆಲ್ಲ ಕೇಳಬಾರದು" ಎಂದು ಬೈಸಿಕೊಂಡಿದ್ದೆ. ಆಮೇಲೆ ಕೇಳುವುದನ್ನೇ ಬಿಟ್ಟೆ. ಇವನಿಗೆ ಹಾಗಾಗಬಾರದೆಂದು ಪುಸ್ತಕ ತೆರೆದೆ.

ಮಕ್ಕಳೇ, ಸುಮಾರು ಮೂರು ಸಾವಿರ ವರ್ಷಗಳಿಗೂ ಹಿಂದೆ, ಭಾರತ ಉಪಖಂಡದ ವಾಯವ್ಯ ಭಾಗದ ನದೀತೀರಗಳಲ್ಲಿ ಋಗ್ವೇದ ರೂಪುಗೊಂಡಿತು. ಅದರಲ್ಲಿ 10 ಮಂಡಲ, 1028 ಸೂಕ್ತಗಳಿವೆ. ಆಗ ಗುಡಿಯೂ ಇಲ್ಲ, ವಿಗ್ರಹವೂ ಇಲ್ಲ. ಬೆಂಕಿಗೆ ಹಾಕಿದ ತುಪ್ಪವನ್ನು ಅಗ್ನಿಯೇ ದೇವತೆಗಳಿಗೆ ಮುಟ್ಟಿಸುತ್ತಾನೆಂದು ಜನ ನಂಬಿದ್ದರು. ಅತಿ ಹೆಚ್ಚು ಸೂಕ್ತಗಳು ಇಂದ್ರನಿಗೆ, ಆಮೇಲೆ ಅಗ್ನಿಗೆ. ರುದ್ರನಿಗೂ ವಿಷ್ಣುವಿಗೂ ಬೆರಳೆಣಿಕೆಯಷ್ಟು ಮಾತ್ರ. "ಶಿವ" ಎಂಬುದು ಆಗ ದೇವರ ಹೆಸರಲ್ಲ. "ಮಂಗಳಕರ" ಎಂಬ ಅರ್ಥದ ಮಾತು.

ಕಾಲ ಕಳೆದಂತೆ ಅದು ರುದ್ರನ ಹೆಸರೇ ಆಯಿತು. ಮೂರು ಹೆಜ್ಜೆಯಿಟ್ಟು ಲೋಕ ಅಳೆದ ವಿಷ್ಣು ವಾಮನನ ಕಥೆಯಲ್ಲಿ ನಮ್ಮ ಬಲಿಪಾಡ್ಯಮಿಗೆ ಬಂದ. ಸಂಡೂರಿನ ಬೆಟ್ಟದಲ್ಲಿ ನೆಲೆಸಿರುವ ಕುಮಾರಸ್ವಾಮಿಯನ್ನು ಮಹಾಭಾರತ ಅಗ್ನಿಯ ಮಗನೆಂದೂ ಹೇಳುತ್ತದೆ.

ಹಂಪಿಯಲ್ಲಿ ಇನ್ನೊಂದು ಕಥೆಯಿದೆ. ಪಂಪಾದೇವಿ ಮೊದಲು ಈ ನೆಲದ್ದೇ ದೇವತೆ, ಆಮೇಲೆ ಶಿವನ ಮಡದಿಯಾದಳು ಎನ್ನುತ್ತಾರೆ ಇತಿಹಾಸಕಾರರು. ಕನ್ನಡದಲ್ಲಿ ಪಾಲು ಹಾಲಾಯಿತು, ಪೂ ಹೂವಾಯಿತು. ಹಾಗೆಯೇ ಪಂಪೆ ಹಂಪೆಯಾಯಿತು. ಫಲಪೂಜೆಯಂದು ಪಂಪಾ–ವಿರೂಪಾಕ್ಷರ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣ, ತೇರು. ಹೆಂಡತಿಯ ಹೆಸರಿನಿಂದಲೇ ವಿರೂಪಾಕ್ಷನಿಗೆ ಪಂಪಾಪತಿ ಎಂಬ ಹೆಸರು! ವೇದದ ರುದ್ರನೂ ಊರಿನ ದೇವಿಯೂ ಹೀಗೆ ಒಂದೇ ಮನೆಯವರಾದರು. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾದಂತೆ.

ವೇದವನ್ನೂ ಇಲ್ಲಿಯವರು ಮರೆಯಲಿಲ್ಲ. 14ನೇ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ಸಾಯಣಾಚಾರ್ಯರು ವೇದಗಳಿಗೆ ಭಾಷ್ಯ ಬರೆದರು. ಮುಂದೆ ಯುರೋಪಿನಲ್ಲಿ ಮ್ಯಾಕ್ಸ್ ಮುಲ್ಲರ್ 1849ರಿಂದ 1874ರವರೆಗೆ ಋಗ್ವೇದವನ್ನು ಅಚ್ಚು ಹಾಕಿಸಿದ್ದು ಈ ಭಾಷ್ಯದೊಂದಿಗೇ.

ಹೋದ ಭಾನುವಾರ ಮೊಮ್ಮಗನನ್ನು ವಿರೂಪಾಕ್ಷನ ಗುಡಿಗೆ ಕರೆದೊಯ್ದೆ. ರಂಗಮಂಟಪದಲ್ಲಿ ನಿಲ್ಲಿಸಿ, "ತಲೆ ಎತ್ತಿ ನೋಡು" ಎಂದೆ. ಚಾವಣಿಯ ಬಣ್ಣದ ಚಿತ್ರಗಳಲ್ಲಿ ಗಿರಿಜಾಕಲ್ಯಾಣವಿದೆ. ಇಂದ್ರ, ಅಗ್ನಿ, ವರುಣ ಮೊದಲಾದ ದಿಕ್ಪಾಲಕರೂ ಇದ್ದಾರೆ. ಇಷ್ಟು ವರ್ಷ ಗರ್ಭಗುಡಿಯ ಕಡೆಗೇ ನೋಡುತ್ತ ನಡೆದ ನಾನು ಒಮ್ಮೆಯೂ ಮೇಲೆ ನೋಡಿರಲಿಲ್ಲ.

"ಅಂದರೆ ದೊಡ್ಡ ದೇವರಾಗಿದ್ದ ಇಂದ್ರ ಈಗ ದಿಕ್ಕು ಕಾಯ್ತಾನಾ?" ಎಂದ ಹುಡುಗ.

"ಹೌದಪ್ಪಾ. ಆದರೆ ಮದುವೆಗೆ ಸಾಕ್ಷಿಯಾಗೋಕೆ ಇವತ್ತಿಗೂ ಅಗ್ನಿಯೇ ಬರಬೇಕು."

ಅವನು ಕತ್ತು ನೋಯುವವರೆಗೂ ಮೇಲೆಯೇ ನೋಡುತ್ತಿದ್ದ. ನಾನೂ ನೋಡಿದೆ.